ಇನ್ನೊಂದು ಡಬ್ಬಿ ಹಾಕೋಣ

ಪ್ರೋಗ್ರಾಮರ್‌ಗಳ ಹಂಗು ಇನ್ನಿಲ್ಲವಂತೆ. ರಜೆ ಅರ್ಜಿಯೋ, ಬಿಲ್ ಮಂಜೂರಾತಿಯೋ, ಯಾವ ಆ್ಯಪ್ ಬೇಕಾದರೂ ಪರದೆಯ ಮೇಲೆ ಡಬ್ಬಿಗಳನ್ನು ಎಳೆದು ತಂದು ಬಾಣ ಹಾಕಿದರೆ ಮುಗೀತು. ಉಳಿದದ್ದನ್ನು ಕ್ಲೌಡ್ ನೋಡಿಕೊಳ್ಳುತ್ತದೆ. 1959ರಲ್ಲಿ ಕೋಬಾಲ್ ಬಂದಾಗಲೂ ಮ್ಯಾನೇಜರ್‌ಗಳೇ ಓದುವಂಥ ಪ್ರೋಗ್ರಾಮಿಂಗ್ ಭಾಷೆ ಸಿಕ್ಕಿತು ಎಂದು ಹಿಗ್ಗಿದ್ದರು. ಯಾವ ಮ್ಯಾನೇಜರ್ ಓದಿದರೋ ದೇವರೇ ಬಲ್ಲ. ಅದೇ ಆಸೆಗೆ 2014ರಲ್ಲಿ ಫಾರೆಸ್ಟರ್ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ ಲೋ-ಕೋಡ್, ಅಂದರೆ ಕಡಿಮೆ ಕೋಡ್, ಎಂದು ಹೆಸರಿಟ್ಟಿತು.

ಹೀಗಾಗಿ ಪ್ರೋಗ್ರಾಮಿಂಗ್ ಕಲಿಯದ ಲೆಕ್ಕಪತ್ರ ವಿಭಾಗದವರೂ ಈಗ ಆ್ಯಪ್ ಕಟ್ಟುವ 'ಸಿಟಿಜನ್ ಡೆವಲಪರ್'. ಪದವಿ ಹೊಸದು, ಸಂಬಳ ಹಳೆಯದೇ.

ಮೊದಲು ಒಂದು ಬಿಲ್ ಮೂರು ಮೇಜು ದಾಟಬೇಕಿತ್ತು. ನಾಲ್ಕನೆಯದನ್ನು ಸೇರಿಸಿ ಎಂದರೆ ಪ್ರೋಗ್ರಾಮರ್ ಮುಖ ಸಿಂಡರಿಸಿ, ಎರಡು ತಿಂಗಳು ಬೇಕು ಅನ್ನುತ್ತಿದ್ದ. ಆ ಸಿಡುಕಿನಿಂದಲೇ ಆಫೀಸು ಬದುಕಿತ್ತು ಅಂತ ಈಗ ಗೊತ್ತಾಗುತ್ತಿದೆ. ಈಗ ಮಂಜೂರಾತಿಯ ಹೊಸ ಡಬ್ಬಿ ಹಾಕಲು ಅರ್ಧ ನಿಮಿಷ ಸಾಕು. ಪಕ್ಕದ ವಿಭಾಗದ ಸಾಹೇಬರಿಗೆ ಡಬ್ಬಿ ಇದ್ದು ನಮ್ಮ ಸಾಹೇಬರಿಗೆ ಇಲ್ಲದಿದ್ದರೆ ಮರ್ಯಾದೆ ಪ್ರಶ್ನೆ, ಅಲ್ವಾ? ಮೂರು ಮೇಜು ಒಂಬತ್ತು ಡಬ್ಬಿಯಾಯಿತು. ಸಾಹೇಬರು ರಜೆಯಲ್ಲಿದ್ದರೆ ಜ್ಞಾಪನದ ಮೇಲ್ ಕಳಿಸಲು ತಾನಾಗಿ ಓಡುವ ಇನ್ನೊಂದು ಫ್ಲೋ. ಮೇಲ್ ನೋಡದಿದ್ದರೆ ಮೇಲಿನವರಿಗೆ ದೂರು ಮುಟ್ಟಿಸಲು ಮತ್ತೊಂದು. ಆ ಮೇಲಿನವರ ಜಾಗದಲ್ಲಿ ಸದ್ಯ ಪ್ರಭಾರ ಇರುವವರು ರಜೆಯಲ್ಲಿರುವ ಇದೇ ಸಾಹೇಬರು. ಕಾಗದದ ಫೈಲ್ ಕಳೆದುಹೋದರೂ ಹೋಗುತ್ತಿತ್ತು. ಇದು ಕಳೆದುಹೋಗದೆ ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿಗೂ ಒಂದು ಮೇಲ್.

ಬಿಲ್ಲುಗಳು ಜಾಸ್ತಿಯಾದವೋ, ಇನ್ನೊಂದು ಮಜಾ. ಮೈಕ್ರೋಸಾಫ್ಟ್‌ನ ಲೋ-ಕೋಡ್ ಸಾಧನ ಪವರ್ ಆ್ಯಪ್ಸ್‌ನಲ್ಲಿ ಡೇಟಾ ಇರುವ ಕಡೆಯೇ ಹುಡುಕಲಾಗದಂಥ ಸೂತ್ರ ಬರೆದರೆ, ಅದು ಮೊದಲ 500 ಸಾಲುಗಳನ್ನಷ್ಟೇ ತಂದು ಹುಡುಕುತ್ತದೆ. ಸೆಟ್ಟಿಂಗ್ ತಿರುವಿದರೆ 2000. ಅದರಾಚೆಯ ಬಿಲ್ ಇದ್ದೂ ಇಲ್ಲ. ಕಟ್ಟಿದವರಿಗೆ ಹಳದಿ ತ್ರಿಕೋನದ ಎಚ್ಚರಿಕೆಯಾದರೂ ಕಾಣುತ್ತದೆ, ಬಳಸುವವರಿಗೆ ಅದೂ ಇಲ್ಲ. ಸುಮ್ನೆ 'ದಾಖಲೆ ಸಿಗಲಿಲ್ಲ'. ಹೋಗಲಿ, ಸರಿಯಾದ ಡೇಟಾಬೇಸ್‌ಗೇ ಜೋಡಿಸೋಣ ಎಂದರೆ ಅದಕ್ಕೆ ಬೇಕಾದ ಕೊಂಡಿ, ಅಂದರೆ ಕನೆಕ್ಟರ್, 'ಪ್ರೀಮಿಯಂ', ಅದಕ್ಕೆ ಬೇರೆ ಲೈಸೆನ್ಸ್.

ಆಮೇಲೆ ಕೆಲಸಕ್ಕೆ ಕರೆ ಹೊರಡುತ್ತದೆ: ಲೋ-ಕೋಡ್ ಪರಿಣತರು ಬೇಕು, ಜಾವಾಸ್ಕ್ರಿಪ್ಟ್ ಮತ್ತು ಎಸ್‌ಕ್ಯೂಎಲ್ ಎಂಬ ಕೋಡ್ ಭಾಷೆಗಳು ಕಡ್ಡಾಯ.

ಕೆಲವೊಮ್ಮೆ ಅಂಗಡಿಯೇ ಬಾಗಿಲು ಹಾಕುತ್ತದೆ. ಗೂಗಲ್ ತನ್ನ ಲೋ-ಕೋಡ್ ಸಾಧನ ಆ್ಯಪ್ ಮೇಕರನ್ನು 2021ರ ಜನವರಿಯಲ್ಲಿ ನಿಲ್ಲಿಸಿತು. ಡೇಟಾ ಉಳಿಸಿಕೊಳ್ಳಬಹುದಿತ್ತು, ಕಟ್ಟಿದ ಆ್ಯಪನ್ನು ಮಾತ್ರ ಇನ್ನೊಂದು ಕಡೆಗೆ ನೇರವಾಗಿ ಸಾಗಿಸುವಂತಿರಲಿಲ್ಲ. ನಮಗೆ ಆ ಭಾಗ್ಯವೂ ಇಲ್ಲ. ನಮ್ಮ ಆ್ಯಪ್ ಮುಚ್ಚಬೇಕಾದರೆ ಅದರಲ್ಲೇ ಅರ್ಜಿ ಹಾಕಬೇಕು. ಹಾಕಿದ್ದೇವೆ. ಆರನೇ ಡಬ್ಬಿಯ ಸಾಹೇಬರು ಕೆಲಸ ಬಿಟ್ಟು ಹೋಗಿ ವರ್ಷವಾಯಿತು, ಅವರಿಗೆ ದಿನಾ ಜ್ಞಾಪನ ಹೋಗುತ್ತಿದೆ.