ಸತ್ಯಾಂಶ: ಹುಟ್ಟುಮಚ್ಚೆಗೆ ಗ್ರಹಣ ಕಾರಣವಲ್ಲ

ಗ್ರಹಣದ ಹೊತ್ತಿನಲ್ಲಿ ಗರ್ಭಿಣಿ ಹೊರಗೆ ಬಂದರೆ ಅಥವಾ ಚಾಕು ಹಿಡಿದರೆ ಮಗುವಿನ ಮೈಮೇಲೆ ಮಚ್ಚೆ ಬೀಳುತ್ತದೆ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತದೆ. ಇದು ನಿಜವಲ್ಲ, ಇದನ್ನು ನಂಬಿ ಬಾಣಂತಿಯನ್ನು ದೂರುವುದು ಅನ್ಯಾಯ.

ನಮ್ಮಲ್ಲಿ ಬಹಳಷ್ಟು ಶಿಶುಗಳ ಸೊಂಟ, ಪೃಷ್ಠದ ಮೇಲೆ ಕಾಣುವ, ಏಟು ಬಿದ್ದು ಕಂದಿದಂತೆ ತೋರುವ ನೀಲಿ-ಬೂದು ಕಲೆಗಳು, ಭ್ರೂಣಾವಸ್ಥೆಯಲ್ಲಿ ಚರ್ಮದ ಮೇಲ್ಪದರಕ್ಕೆ ಸಾಗಬೇಕಿದ್ದ ವರ್ಣಕೋಶಗಳು ಒಳಪದರದಲ್ಲೇ ಉಳಿದುಕೊಳ್ಳುವುದರಿಂದ ಉಂಟಾಗುತ್ತವೆ. ಒತ್ತಿದರೆ ಅವು ನೋಯುವುದಿಲ್ಲ; ಹೆಚ್ಚಿನವು ಕೆಲವು ವರ್ಷಗಳಲ್ಲಿ ತಾವಾಗಿಯೇ ಮಾಸುತ್ತವೆ.

ಕಡುಗೆಂಪು ರಕ್ತನಾಳದ ಕಲೆಯ ಕಾರಣ ಬೇರೆ: ಗರ್ಭದಲ್ಲಿ ಜಿಎನ್‌ಎಕ್ಯೂ ಎಂಬ ಜೀನಿನಲ್ಲಿ ಆಗುವ ಆಕಸ್ಮಿಕ ಬದಲಾವಣೆಯೇ ಅದರ ಮೂಲವೆಂದು 2013ರಲ್ಲಿ ತಿಳಿದುಬಂತು. ಅದು ಹಣೆ ಅಥವಾ ಕಣ್ಣುರೆಪ್ಪೆಯ ಮೇಲಿದ್ದರೆ, ಫಿಟ್ಸ್ ಬರುವ ಮತ್ತು ಕಣ್ಣಿನ ಒತ್ತಡ ಏರುವ ಸಾಧ್ಯತೆ ಇರುವುದರಿಂದ, ಮಕ್ಕಳ ವೈದ್ಯರಿಗೆ ತಡಮಾಡದೆ ತೋರಿಸಬೇಕು.