ಆ ಡ್ರಾಪ್ಸ್ ಬಾಟಲಿ ಮೊದಲು ಕೆಳಗಿಡಿ

ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಆರಿದ ಮೇಲೆ ಬರೆದರೆ ಮೆತ್ತಗೆ ಬರೆದುಬಿಡುತ್ತೇನೆ, ಅದು ಬೇಡ.

ಕಣ್ಣು ಕೆಂಪಾದ ಕೂಡಲೇ ಮೆಡಿಕಲ್ ಅಂಗಡಿಗೆ ಹೋಗಿ "ಡ್ರಾಪ್ಸ್ ಕೊಡ್ರಿ" ಅನ್ನುವವರ ಮೇಲೆ ಸಿಟ್ಟು. ಒಂದು ಮಾತೂ ಕೇಳದೆ ತೆಗೆದು ಕೊಡುವವರ ಮೇಲೆ ಸಿಟ್ಟು. ಕಣ್ಣು ಕೆಂಪಾಗುವ ತನಕ ದುಡಿಸಿಕೊಳ್ಳುವವರ ಮೇಲೆ ಇನ್ನೂ ಜಾಸ್ತಿ ಸಿಟ್ಟು.

ನಿನ್ನೆ ಗೋಲಗುಂಬಜ್ ಎಕ್ಸ್‌ಪ್ರೆಸ್‌ಗೆ ವಿಜಯಪುರದಲ್ಲಿ ಹತ್ತಿದೆ. ಎದುರು ಸೀಟಿನಲ್ಲಿ ನಮ್ಮ ಕಡೆಯ ಹುಡುಗ. ತೊಡೆ ಮೇಲೆ ಲ್ಯಾಪ್‌ಟಾಪ್, ಕಿವಿಯಲ್ಲಿ ಇಯರ್‌ಫೋನ್, ಫೋನಿನ ಹಾಟ್‌ಸ್ಪಾಟ್ ಮೇಲೆ ಮೀಟಿಂಗ್ ನಡೆದಿತ್ತು. ಸಿಗ್ನಲ್ ಹೋದಾಗೆಲ್ಲ ಫೋನನ್ನು ಮೂಗಿನ ಹತ್ತಿರ ತಂದು ನೋಡುತ್ತಿದ್ದ. ಆಲಮಟ್ಟಿ ದಾಟಿ ಕೃಷ್ಣೆಯ ಸೇತುವೆ ಬಂತು. ಬೋಗಿಯಲ್ಲಿದ್ದ ಅರ್ಧ ಜನ ಕಿಟಕಿಗೆ ಬಂದರು, ಒಬ್ಬ ಅಜ್ಜಿ ಕೈ ಮುಗಿದು ನಾಣ್ಯ ಎಸೆದಳು. ಅವನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಕಿಸೆಯಿಂದ ಸಣ್ಣ ಬಾಟಲಿ ತೆಗೆದ, ಕತ್ತು ಹಿಂದಕ್ಕೆ ವಾಲಿಸಿ ಎರಡೂ ಕಣ್ಣಿಗೆ ಹನಿ ಬಿಟ್ಟುಕೊಂಡ, ಅಂಗಿ ತೋಳಿನಿಂದ ಒರೆಸಿಕೊಂಡ, ಮತ್ತೆ ಪರದೆ.

ನನಗೆ ಸುಮ್ಮನಿರಲು ಆಗಲಿಲ್ಲ. "ಯಾಕಪ್ಪಾ, ಕಣ್ಣಿಗೆ ಏನಾಗ್ಯದ?" ಅಂದೆ.

"ಏನಿಲ್ರಿ ಅಕ್ಕಾರ, ಕೆಂಪ ಆಗ್ತಾವ. ಇದನ್ನ ಹಾಕ್ಕೊಂಡ್ರ ಮುಂಜಾನಿ ಅನ್ನೂದ್ರಾಗ ಬೆಳ್ಳಗ ಆಗಿರ್ತಾವ. ಮೀಟಿಂಗಿನಾಗ ಕ್ಯಾಮೆರಾ ಆನ್ ಇಡಬೇಕಲ್ರಿ."

"ಡಾಕ್ಟರ್ ಬರದು ಕೊಟ್ಟಾರೇನು?"

"ಇಲ್ರಿ. ರೂಮ್‌ಮೇಟ್ ಹಾಕ್ಕೋತಿದ್ದ. ಮೆಡಿಕಲ್‌ನಾಗ ಅದರ ಫೋಟೋ ತೋರಿಸಿದ್ನಿ, ಕೊಟ್ರು."

ಬಾಟಲಿ ಇಸಕೊಂಡೆ. ಹೆಸರಿನ ಕೆಳಗೆ ಇರುವೆ ಗಾತ್ರದ ಅಕ್ಷರ. ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿದೆ. ಒಂದು ಆಂಟಿಬಯಾಟಿಕ್, ಜೊತೆಗೆ ಡೆಕ್ಸಾಮೆಥಾಸೋನ್. ಅಂದರೆ ಸ್ಟೀರಾಯ್ಡ್. ಎಂದಿನಿಂದ ಹಾಕ್ಕೋತಿ ಅಂತ ಕೇಳಿದರೆ "ದೀಪಾವಳಿಯಿಂದ" ಅಂದ.

ಅಪ್ಪನ ಕಣ್ಣಿನ ವಿಷಯ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಪಿಎಂಸಿಯ ಅಡತಿ ಅಂಗಡಿಯಲ್ಲಿ ಅಪ್ಪ ಲೆಕ್ಕ ಬರೆಯುತ್ತಿದ್ದರು. ತೊಗರಿ ಸುಗ್ಗಿಯಲ್ಲಿ ಅಲ್ಲಿ ಏಳುವ ಧೂಳು ನೋಡಿದವರಿಗೇ ಗೊತ್ತು. ಕಣ್ಣು ತುರಿಸುತ್ತಿತ್ತು, ಕೆಂಪಾಗುತ್ತಿತ್ತು. ಮೆಡಿಕಲ್‌ನಿಂದ ಒಂದು ಡ್ರಾಪ್ಸ್ ತಂದರು, ಹಾಕಿದ ಮರುದಿನ ಹಾಯೆನಿಸಿತು. ಖಾಲಿಯಾದಾಗೆಲ್ಲ ಅದೇ ಬಾಟಲಿ ಮತ್ತೆ ತಂದರು. ವರ್ಷಗಟ್ಟಲೆ. ಯಾರೂ "ಇದು ಯಾಕ್ರೀ, ಇನ್ನೂ ಎಷ್ಟು ದಿನ?" ಅಂತ ಕೇಳಲಿಲ್ಲ.

ಆಮೇಲೆ ಮನೆಯಲ್ಲಿ ಸಣ್ಣ ಸಣ್ಣ ವಿಚಿತ್ರ ಶುರುವಾದವು. ಅವ್ವ ಚಹಾ ತಂದಿಟ್ಟರೆ ಅಪ್ಪ ಕಪ್ಪನ್ನು ಸರಿಯಾಗಿಯೇ ಹಿಡಿಯುತ್ತಿದ್ದರು, ಪಕ್ಕದಲ್ಲಿದ್ದ ನೀರಿನ ತಂಬಿಗೆ ಮಾತ್ರ ಅವರ ಮೊಳಕೈ ತಾಗಿ ಉರುಳುತ್ತಿತ್ತು. ದಿನಪತ್ರಿಕೆ ಓದುತ್ತಿದ್ದರು, ಆದರೆ ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತಿತ್ತು. ಗ್ಲಾಕೋಮಾ, ಅಂದರೆ ಕಣ್ಣಿನ ನರ ಸಾಯುತ್ತಾ ಹೋಗುವ ರೋಗ, ಅಂತ ಗೊತ್ತಾಗುವಷ್ಟರಲ್ಲಿ ಎರಡೂ ಕಡೆಯ ಅಂಚಿನ ನೋಟ ಹೋಗಿತ್ತು. "ಹೋದದ್ದು ಬರಲ್ಲ, ಉಳಿದದ್ದನ್ನ ಉಳಿಸಿಕೊಳ್ಳೋಣ" ಅಂದರು ಡಾಕ್ಟರ್. ಆ ಮಾತು ಕೇಳಿದ ದಿನದಿಂದ ನನಗೆ ಯಾರ ಕೈಯಲ್ಲಿ ಡ್ರಾಪ್ಸ್ ಬಾಟಲಿ ಕಂಡರೂ ಎದೆ ಹೊಡೆದುಕೊಳ್ಳುತ್ತದೆ.

ಸ್ಟೀರಾಯ್ಡ್ ಹನಿ ಕೆಟ್ಟ ಔಷಧ ಅಲ್ಲ. ಪೊರೆ ಆಪರೇಷನ್ ಆದ ಮೇಲೆ ಡಾಕ್ಟರೇ ಬರೆದು ಕೊಡುತ್ತಾರೆ, ದಿನ ಲೆಕ್ಕ ಹಾಕಿ, ಕ್ರಮೇಣ ಕಡಿಮೆ ಮಾಡಿ ನಿಲ್ಲಿಸುತ್ತಾರೆ. ಆದರೆ ಲೆಕ್ಕ ಇಲ್ಲದೆ ಹಾಕಿಕೊಂಡರೆ ಕೆಲವರಿಗೆ ಕೆಲವೇ ವಾರಗಳಲ್ಲಿ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಏರಿದ ಒತ್ತಡ ಕಣ್ಣಿನ ನರವನ್ನು ತಿನ್ನುತ್ತಾ ಹೋಗುತ್ತದೆ. ನೋವಿಲ್ಲ, ಉರಿಯಿಲ್ಲ. ಕಣ್ಣು ಹೊರಗಿನಿಂದ ಮೊದಲಿಗಿಂತ ಬೆಳ್ಳಗೆ, ಚೆಂದ ಕಾಣುತ್ತದೆ. ಮೊದಲು ಹೋಗುವುದು ಅಂಚಿನ ನೋಟ, ಆ ಖಾಲಿ ಜಾಗವನ್ನು ಮಿದುಳು ತಾನೇ ತುಂಬಿಕೊಳ್ಳುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಬಹಳ ಕಾಲ ಹಾಕಿಕೊಂಡರೆ ಸಣ್ಣ ವಯಸ್ಸಿನಲ್ಲೇ ಪೊರೆಯೂ ಬರುತ್ತದೆ.

ಪೊರೆಯನ್ನಾದರೂ ತೆಗೆಯಬಹುದು. ನಮ್ಮ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಮಾಡಿದ್ದು ಅದನ್ನೇ. ಶಾಲೆ, ಛತ್ರಗಳಲ್ಲಿ ಶಿಬಿರ ಹಾಕಿ, ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆ ಅವರದು. ಕೈ ಹಿಡಿದು ಕರೆತಂದ ಮುದುಕರು ತಾವೇ ನಡೆದು ಮನೆಗೆ ಹೋದರು. ಆದರೆ ಸತ್ತ ನರಕ್ಕೆ ಜೀವ ಕೊಡುವ ಆಪರೇಷನ್ ಇವತ್ತಿಗೂ ಯಾರ ಹತ್ತಿರವೂ ಇಲ್ಲ. ಅಂಥ ಡಾಕ್ಟರ್ ಹುಟ್ಟಿದ ಜಿಲ್ಲೆಯ ಪಕ್ಕದಲ್ಲೇ ಹುಡುಗರು ಮೀಟಿಂಗಿಗೆ ಕಣ್ಣು ಬೆಳ್ಳಗೆ ಕಾಣಲಿ ಅಂತ ನರ ಕಳೆದುಕೊಳ್ಳಬೇಕಾ?

ಅಸಲಿಗೆ ಆ ಕಣ್ಣು ಕೆಂಪಾಗುವುದು ಯಾಕೆ? ನಾವು ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಸಲದಷ್ಟು ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕೂ ಕೆಳಗೆ ಇಳಿಯಬಹುದು. ಕಣ್ಣಿನ ಮೇಲಿನ ನೀರಿನ ಪದರ ಆರುತ್ತದೆ. ರೈಲಿನ ಕಿಟಕಿಯ ಗಾಳಿ, ಎಸಿ ಬಸ್ಸಿನಲ್ಲಿ ಮುಖಕ್ಕೇ ಬಡಿಯುವ ತಂಪು, ಏಪ್ರಿಲ್‌ನಲ್ಲಿ ನಮ್ಮ ಊರಿನ ಒಣ ಹವೆ, ಇವೆಲ್ಲ ಸೇರಿದರೆ ಕೇಳಬೇಕಾ! ಇದರ ಮೇಲೆ ಹತ್ತಿರದ್ದನ್ನೇ ನೋಡುತ್ತಾ ಕೂತರೆ ಒಳಗಿನ ಸ್ನಾಯು ತಾಸುಗಟ್ಟಲೆ ಬಿಗಿಯಾಗಿಯೇ ಇರುತ್ತದೆ. ಅಲುಗಾಡುವ ಬೋಗಿಯಲ್ಲಿ ಅಕ್ಷರ ಒಂದು ಕಡೆ ನಿಲ್ಲುವುದಿಲ್ಲ, ಅದಕ್ಕೆ ಮತ್ತಷ್ಟು ದುಡಿತ. ಕಣ್ಣು ಬಿಡುವು ಕೇಳುತ್ತಿದೆ, ಅಷ್ಟೇ. ಅದಕ್ಕೆ ಸ್ಟೀರಾಯ್ಡ್ ಹಾಕುವುದು ಹಸಿದು ಅಳುವ ಕೂಸಿಗೆ ಅಫೀಮು ತಿನ್ನಿಸಿ ಮಲಗಿಸಿದ ಹಾಗೆ.

"ಪರದೆ ನೋಡಿ ಯಾರ ಕಣ್ಣೂ ಹೋಗಿಲ್ಲ, ಸುಮ್ನೆ ಹೆದರಿಸಬೇಡ" ಅಂತ ಕಾಮೆಂಟ್ ಹಾಕುವವರು ಇದ್ದೀರಿ, ನನಗೆ ಗೊತ್ತು. ಮಾತು ನಿಜ. ದೊಡ್ಡವರಿಗೆ ಪರದೆಯಿಂದ ಕುರುಡು ಬರುವುದಿಲ್ಲ, ದಣಿವು ವಿಶ್ರಾಂತಿಯಿಂದ ಹೋಗುತ್ತದೆ. ಆದರೆ ಆ ವಿಶ್ರಾಂತಿ ಎಲ್ಲಿದೆ? ಅದು ಸಿಗದೆ ತಾನೇ ಬಾಟಲಿ ಕೈಗೆ ಬಂದಿದ್ದು.

ಇನ್ನೊಂದು ಮಾತು, ನನ್ನ ಮ್ಯಾನೇಜರ್ ಗೆಳತಿಯರದು. ಊರಲ್ಲೇ ಇದ್ದು ಕೆಲಸ ಮಾಡಲು ಕಂಪನಿ ಬಿಟ್ಟಿದೆ, ತಂದೆತಾಯಿ ಜೊತೆ ಇದ್ದೀಯ, ಬಾಡಿಗೆ ಉಳಿದಿದೆ, ರೈಲಿನಲ್ಲಿ ಎರಡು ತಾಸು ಲಾಗಿನ್ ಆದರೆ ಏನು ಮಹಾ? ಊರಲ್ಲಿರುವುದು ದೊಡ್ಡ ಭಾಗ್ಯವೇ. ಅಪ್ಪನ ಕಣ್ಣಿಗೆ ರಾತ್ರಿ ಹನಿ ಹಾಕಲು ನಾನು ಮನೆಯಲ್ಲಿದ್ದೇನೆ ಅಂದರೆ ಅದು ಇದರಿಂದಲೇ. ಆದರೆ ಕೆಲಸಕ್ಕೆ ಪಗಾರ ಕೊಡುತ್ತೀರಿ, ಕೆಲಸ ಮಾಡಿ ಕೊಡುತ್ತೇವೆ. ಮುಂಜಾನೆಯಿಂದ ಮನೆಯಲ್ಲಿ ಪರದೆ ಮುಂದೆ ಕೂತವನನ್ನು ರೈಲಿನಲ್ಲೂ ಕೂರಿಸಬೇಕಾ? ಕ್ಯಾಮೆರಾ ಹಾಕಿಸಿ, ಮುಖ ನೋಡಿ, "ಯಾಕೆ ಡಲ್ ಇದ್ದೀಯ" ಅಂತ ಕೇಳಬೇಕಾ? ಬರೀ ಮಾತಾಡುವ ಮೀಟಿಂಗಿಗೆ ಫೋನ್ ಕರೆ ಸಾಕು. ಕಣ್ಣು ಮುಚ್ಚಿಕೊಂಡೇ ಕೇಳಬಹುದು.

ನನ್ನ ಕೇಳಿದರೆ, ಪ್ರಯಾಣ ಅಂದರೆ ಕಣ್ಣಿಗೆ ಸಿಕ್ಕ ರಜೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರಕ್ಕೆ 20 ಸೆಕೆಂಡು ನೋಡಿ ಅಂತ ಕಣ್ಣಿನ ಡಾಕ್ಟರುಗಳು ಹೇಳುತ್ತಾರಲ್ಲ, ಅದು ಆಫೀಸಿನ ನಾಲ್ಕು ಗೋಡೆ ನಡುವೆ ಕೂತವರಿಗೆ. ಕಿಟಕಿ ಆಚೆ ಎರೆಹೊಲ ಕಣ್ಣಿಗೆ ಕಾಣುವಷ್ಟು ದೂರ ಬಿದ್ದಿದೆ. ಅದನ್ನು ನೋಡಲು ದುಡ್ಡು ಕೊಡಬೇಕಿಲ್ಲ. ಮನೆಯಲ್ಲಿದ್ದಾಗ ನಾನು ಮಾಳಿಗೆ ಹತ್ತುತ್ತೇನೆ, ಮನೆಗಳ ಮೇಲಿಂದ ಗೋಲಗುಂಬಜ ಕಾಣುತ್ತದೆ, ಅದರ ಮಿನಾರಿನ ಅಂತಸ್ತುಗಳನ್ನು ಎಣಿಸುತ್ತೇನೆ. ಕಣ್ಣು ಸಡಿಲವಾಗುವುದು ನಿಜಕ್ಕೂ ಗೊತ್ತಾಗುತ್ತದೆ.

ಪರದೆಯ ನೀಲಿ ಬೆಳಕು ತಡೆಯುತ್ತದೆ ಅಂತ ಮಾರುವ ಬ್ಲೂಕಟ್ ಕನ್ನಡಕದ ಬಗ್ಗೆಯೂ ಕೇಳುತ್ತೀರಿ. ಅಂಗಡಿಯಲ್ಲಿ ಕೆಲಸ ಏನು ಅಂತ ಕೇಳಿ, ಕಂಪ್ಯೂಟರ್ ಅಂದ ತಕ್ಷಣ ಬೆಲೆ ಏರಿಸುತ್ತಾರೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2023ರ ವಿಮರ್ಶೆ 17 ಪ್ರಯೋಗಗಳನ್ನು ನೋಡಿ, ಕಣ್ಣಿನ ದಣಿವು ಕಡಿಮೆ ಮಾಡುವುದರಲ್ಲಿ ಸಾದಾ ಗಾಜಿಗಿಂತ ಅದು ಹೆಚ್ಚೇನೂ ಮಾಡಿದಂತೆ ಕಾಣಲಿಲ್ಲ ಅಂದಿದೆ. ಆ ದುಡ್ಡಿಗೆ ನಂಬರ್ ಸರಿಯಾಗಿ ಚೆಕ್ ಮಾಡಿಸಿ. ನಲವತ್ತರ ಆಸುಪಾಸಿನಲ್ಲಿ ಹತ್ತಿರದ ಅಕ್ಷರ ಮಸುಕಾಗುವುದು ಎಲ್ಲರಿಗೂ ಬರುವುದೇ. ಚಾಳೀಸು ಹಾಕಲು ನಾಚಿ ಸಂಜೆತನಕ ತಲೆನೋವು ತಿನ್ನುವವರು ನಮ್ಮ ಬಳಗದಲ್ಲೇ ಎಷ್ಟು ಜನ!

ಲ್ಯಾಪ್‌ಟಾಪ್ ತೋಳಿನಳತೆ ದೂರ ಇರಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ. ಮೇಲಿದ್ದರೆ ಕಣ್ಣು ಅಗಲವಾಗಿ ತೆರೆದು ಬೇಗ ಒಣಗುತ್ತದೆ. ಕಿಟಕಿ ಎದುರಿಗೂ ಬೇಡ, ಬೆನ್ನಿಗೂ ಬೇಡ, ಪಕ್ಕದಲ್ಲಿರಲಿ. ಕೂಲರ್ ಮುಖಕ್ಕೆ ತಿರುಗಿಸಬೇಡಿ. ಲೆನ್ಸ್ ಹಾಕುವವರು ಸ್ಲೀಪರ್ ಬಸ್ಸಿನಲ್ಲಿ ಅದನ್ನು ತೆಗೆಯದೆ ಮಲಗಬೇಡಿ, ಸ್ಟೇಷನ್ನಿನ ನಲ್ಲಿ ನೀರು ಅದಕ್ಕೆ ತಾಗಿಸಲೇಬೇಡಿ, ಸೋಂಕು ಹತ್ತಿದರೆ ಬಹಳ ಕೆಟ್ಟದ್ದು.

ರಾತ್ರಿ ಲೈಟ್ ಆರಿದ ಮೇಲೆ ಬರ್ತಿನಲ್ಲಿ ಮಗ್ಗುಲಾಗಿ, ಒಂದು ಕಣ್ಣು ದಿಂಬಿಗೆ ಒತ್ತಿ ಫೋನ್ ನೋಡುತ್ತೀರಲ್ಲ, ಆಮೇಲೆ ಒಂದು ಕಣ್ಣು ಕಾಣದಂತಾಗಿ ಕೆಲವರು ಗಾಬರಿಯಾಗಿದ್ದಾರೆ. 2016ರಲ್ಲಿ ಇಂಥ ಇಬ್ಬರು ಹೆಂಗಸರ ವಿಷಯ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದಿತ್ತು. ಒಂದು ಕಣ್ಣು ಬೆಳಕಿಗೆ, ಇನ್ನೊಂದು ಕತ್ತಲೆಗೆ ಹೊಂದಿಕೊಂಡಿದ್ದರಿಂದ ಹಾಗಾಗಿದ್ದು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಆದರೆ ಕಣ್ಣು ದಿಢೀರ್ ಮಂಜಾದಾಗ ಇದೇ ಇರಬೇಕು ಅಂತ ನೀವೇ ತೀರ್ಮಾನಿಸಬೇಡಿ, ತೋರಿಸಿ.

ಮತ್ತೆ ಬಾಟಲಿಗೇ ಬರುತ್ತೇನೆ. ಇದನ್ನು ಓದಿದವರು ಎದ್ದು ಹೋಗಿ ಮನೆಯಲ್ಲಿರುವ ಕಣ್ಣಿನ ಡ್ರಾಪ್ಸ್ ನೋಡಿ. ಕಪಾಟು, ಫ್ರಿಜ್ ಬಾಗಿಲು, ಲ್ಯಾಪ್‌ಟಾಪ್ ಬ್ಯಾಗು. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಾಸೋನ್, ಲೋಟೆಪ್ರೆಡ್ನಾಲ್, ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ಚೀಟಿ ಇಲ್ಲದೆ ಮಾರುವ ಹಾಗೇ ಇಲ್ಲ. ಡಾಕ್ಟರೇ ಕೊಟ್ಟಿದ್ದರೆ ಅವರನ್ನು ಕೇಳದೆ ನಿಲ್ಲಿಸಬೇಡಿ. ನೀವೇ ತಂದು ಬಹಳ ದಿನದಿಂದ ಹಾಕುತ್ತಿದ್ದರೆ ಬಾಟಲಿ ಸಮೇತ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಕಣ್ಣಿನ ಒತ್ತಡ ನೋಡಿಸಿ. ಬರೀ ಒಣಗುವುದಕ್ಕೆ ಕೃತಕ ಕಣ್ಣೀರಿನ ಹನಿ ಬೇರೆಯೇ ಸಿಗುತ್ತದೆ. ಅದೂ ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದು ಕೇಳಿ.

ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಮಕ್ಕಳಿಗೆ, ಒಡಹುಟ್ಟಿದವರಿಗೆ ಅಪಾಯ ಜಾಸ್ತಿ. ಸ್ಟೀರಾಯ್ಡ್‌ನಿಂದ ಒತ್ತಡ ಏರುವ ಸಂಭವವೂ ಅವರಿಗೇ ಹೆಚ್ಚು. ನಾನು ವರ್ಷಕ್ಕೊಮ್ಮೆ ತೋರಿಸುತ್ತೇನೆ. ಪುಣೆಯಲ್ಲಿ ಕೂತಿರುವ ನನ್ನ ತಮ್ಮ ಇನ್ನೂ ಒಮ್ಮೆಯೂ ಹೋಗಿಲ್ಲ. ಅವನೂ ಇದನ್ನು ಓದುತ್ತಾನೆ.

ತಮ್ಮಾ, ಕೆಲಸ ಭಾಳ ಅದ ಅಂತ ಮತ್ತ ಹೇಳಬ್ಯಾಡ. ಅಪ್ಪನ ರಿಪೋರ್ಟ್ ಎಲ್ಲಾ ವಾಟ್ಸಾಪ್ ಮಾಡೀನಿ, ಡಾಕ್ಟರಿಗೆ ಅವನ್ನ ತೋರಿಸು. ಸೋಮವಾರ ಸಂಜೀಕ ಫೋನ್ ಮಾಡ್ತೀನಿ, ಎರಡೂ ಕಣ್ಣಿನ ಒತ್ತಡ ಎಷ್ಟು ಬಂತು ಅಂತ ನಂಬರ್ ಹೇಳಬೇಕು.