ಮಸ್ಟಾಂಗ್ ಇಳಿಸುವವರು ಸ್ಪ್ರಿಂಗ್‌ನಿಂದ ಶುರುಮಾಡಬಾರದು

ಇಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಫೋರ್ಡ್‌ನ ಸ್ಪೋರ್ಟ್ಸ್ ಕಾರು ಮಸ್ಟಾಂಗ್ ಕೊಂಡು ಅದರ ಎತ್ತರ ತಗ್ಗಿಸಹೊರಟವರು ಮೊದಲು ಕೇಳುವುದು ‘ಯಾವ ಕಂಪನಿಯ ಸ್ಪ್ರಿಂಗ್ ಹಾಕಲಿ?’ ಎಂದು. ಬೆಂಗಳೂರಿನ ಗ್ಯಾರೇಜುಗಳಲ್ಲಿ ಕೇಳಿಬರುವುದು ‘ಸ್ಪ್ರಿಂಗ್‌ನ ಎಷ್ಟು ಸುತ್ತು ಕಟ್ ಮಾಡಿಸಲಿ?’. ನನ್ನ ಪ್ರಕಾರ ಎರಡೂ ಎರಡನೆಯ ಪ್ರಶ್ನೆಗಳು. ಕಾರು ತಗ್ಗಿದ ಮೇಲೆ ಚಕ್ರ ಮೇಲೇಳಲು ಎಷ್ಟು ಜಾಗ ಉಳಿಯುತ್ತದೆ ಎಂಬುದು ಮೊದಲನೆಯದು.

ಕಾರನ್ನು 25 ಮಿ.ಮೀ. ಇಳಿಸಿದರೆ ಸ್ಟ್ರಟ್‌ನ (ಮುಂದಿನ ಚಕ್ರವನ್ನು ಹಿಡಿದ ಶಾಕ್ ಅಬ್ಸಾರ್ಬರ್ ಕಂಬದ) ರಾಡ್ ಸದಾಕಾಲ ಅಷ್ಟು ಒಳಗೇ ಕೂತಿರುತ್ತದೆ. ರಾಡ್ ಕೊನೆಗೆ ಬಡಿಯದಂತೆ ತಡೆಯುವ ಮೆತ್ತನೆಯ ತುಂಡು, ಅಂದರೆ ಬಂಪ್ ಸ್ಟಾಪ್, ಮೂಲದ್ದನ್ನೇ ಬಿಟ್ಟರೆ ತಿರುವಿನ ಮಧ್ಯದಲ್ಲೇ ಅದು ತಾಗುತ್ತದೆ, ಮುಂಭಾಗ ಏಕಾಏಕಿ ಗಟ್ಟಿಯಾಗುತ್ತದೆ, ಟೈರು ಹಿಡಿತ ಬಿಟ್ಟು ಕಾರು ಹೊರಗೆ ಜಾರುತ್ತದೆ. ಹಿಮ ಕರಗಿದ ಮೇಲೆ ಇಲ್ಲಿನ ರಸ್ತೆಗಳಲ್ಲಿ ಬೀಳುವ ಗುಂಡಿಗಳಿಗೆ ರಿಮ್ ಸೊಟ್ಟಗಾಗುವುದಕ್ಕೂ ಇದೇ ದಾರಿ. ಇದಲ್ಲದೆ ಮೂಲ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಮೆತ್ತಗಿನ ಸ್ಪ್ರಿಂಗ್‌ಗೆಂದು ಮಾಡಿದ್ದು. ಕಾರು ಇಳಿಸಲು ಹಾಕುವ ಗಟ್ಟಿ ಸ್ಪ್ರಿಂಗ್ ವಾಪಸ್ ಚಿಮ್ಮುವುದನ್ನು ಅದು ತಡೆಯಲಾರದು, ಕಾರು ಕುಣಿಯುತ್ತಲೇ ಇರುತ್ತದೆ. ಹಾಗಾಗಿ ಹಣ ಮೊದಲು ಹೋಗಬೇಕಾದ್ದು ಹೊಂದುವ ಡ್ಯಾಂಪರ್ ಮತ್ತು ಗಿಡ್ಡ ಬಂಪ್ ಸ್ಟಾಪ್‌ಗೆ. ಮ್ಯಾಗ್ನರೈಡ್ (ವಿದ್ಯುತ್ತಿನಿಂದ ಗಟ್ಟಿತನ ತಾನೇ ಬದಲಿಸಿಕೊಳ್ಳುವ ಡ್ಯಾಂಪರ್) ಇರುವ ಕಾರಾದರೆ ಅದಕ್ಕೆಂದೇ ಮಾಡಿದ ಸ್ಪ್ರಿಂಗ್ ಬಿಟ್ಟು ಬೇರೆಯದರ ಹತ್ತಿರ ಹೋಗಬೇಡಿ.

ಸುತ್ತು ಕತ್ತರಿಸುವ ಪದ್ಧತಿಯನ್ನು ನಾನು ಖಂಡಿತ ಒಪ್ಪುವುದಿಲ್ಲ. ಏಳು ಸುತ್ತಿನಲ್ಲಿ ಒಂದನ್ನು ತೆಗೆದರೆ ಗಟ್ಟಿತನ ಸುಮಾರು 17 ಶೇಕಡಾ ಏರುತ್ತದೆ, ನಿಜ. ಆದರೆ ಉದ್ದ ಕಮ್ಮಿಯಾಗಿ, ಜ್ಯಾಕ್ ಎತ್ತಿದಾಗಲೋ ಚಕ್ರ ಗುಂಡಿಗೆ ಇಳಿದಾಗಲೋ ಸ್ಪ್ರಿಂಗ್ ತನ್ನ ಸೀಟಿನಿಂದ ಕಳಚಿಕೊಳ್ಳಬಹುದು. ಗ್ಯಾಸ್ ಟಾರ್ಚ್‌ನಿಂದ ಕತ್ತರಿಸಿದರಂತೂ ಉಕ್ಕಿನ ಹದವೇ ಕೆಡುತ್ತದೆ.

ಬಿಡಿಭಾಗಗಳ ಪಟ್ಟಿ ಕಾರಿನ ವರ್ಷದ ಮೇಲೆ ನಿಂತಿದೆ. 2005ರಿಂದ 2014ರವರೆಗಿನ ಮಸ್ಟಾಂಗ್‌ಗೆ ಹಿಂಭಾಗದಲ್ಲಿ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಇಡಿಯ ಆಕ್ಸಲ್, ಅದನ್ನು ಅಡ್ಡಡ್ಡ ಹಿಡಿಯಲು ಪ್ಯಾನ್‌ಹಾರ್ಡ್ ಬಾರ್. ಬಾರ್‌ನ ಉದ್ದ ಬದಲಾಗದ್ದರಿಂದ ಕಾರು ತಗ್ಗಿದೊಡನೆ ಆಕ್ಸಲ್ ಕೆಲವು ಮಿಲಿಮೀಟರ್ ಒಂದು ಪಕ್ಕಕ್ಕೆ ಸರಿಯುತ್ತದೆ. ಉದ್ದ ಹೊಂದಿಸಬಹುದಾದ ಬಾರ್ ಬೇಕೇಬೇಕು. ಆಕ್ಸಲನ್ನು ಕಾರಿಗೆ ಜೋಡಿಸುವ ಹಿಂದಿನ ಕೆಳ ಆರ್ಮ್‌ಗಳ (ತೋಳುಗಳ) ಓರೆಯೂ ಬದಲಾಗಿ, ಜೋರಾಗಿ ಹೊರಡುವಾಗ ಹಿಂದಿನ ಚಕ್ರ ಹಿಡಿತ ಕಳೆದುಕೊಳ್ಳುತ್ತದೆ. ಆರ್ಮ್ ಕೂರುವ ಜಾಗವನ್ನು ಕೆಳಗಿಳಿಸುವ ಬ್ರಾಕೆಟ್ ಇದಕ್ಕೆ ಮದ್ದು. 2015ರಿಂದೀಚೆಗೆ ಹಿಂಭಾಗದಲ್ಲಿ ಪ್ರತಿ ಚಕ್ರವೂ ಬೇರೆಬೇರೆಯಾಗಿ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂದಿದ್ದರಿಂದ ಆ ತಲೆನೋವು ಇಲ್ಲ. ಆದರೆ ಮುಂಭಾಗದಲ್ಲಿ ಚಕ್ರ ಮೇಲ್ಗಡೆ ಒಳಕ್ಕೋ ಹೊರಕ್ಕೋ ವಾಲಿರುವ ಓರೆಯನ್ನು (ಕ್ಯಾಂಬರ್) ಸರಿಪಡಿಸುವ ಕ್ಯಾಂಬರ್ ಪ್ಲೇಟ್ ಅಥವಾ ಕ್ಯಾಂಬರ್ ಬೋಲ್ಟ್ ಬೇಕಾಗಬಹುದು.

ಸ್ಪ್ರಿಂಗ್‌ನ ಗಟ್ಟಿತನದ ಅಂಕಿಗಳನ್ನು ಓದುವಾಗ ಹುಷಾರು. ಅಮೆರಿಕದ ಕ್ಯಾಟಲಾಗ್ ಇಂಚಿಗೆ ಪೌಂಡ್ ಲೆಕ್ಕ ಕೊಡುತ್ತದೆ: 200 ಎಂದರೆ ಮಿಲಿಮೀಟರಿಗೆ ಸುಮಾರು 35 ನ್ಯೂಟನ್. 2015ರಿಂದೀಚಿನ ಕಾರಿನಲ್ಲಿ ಹಿಂದಿನ ಸ್ಪ್ರಿಂಗ್ ಚಕ್ರದಿಂದ ಒಳಗೆ, ಕೆಳ ಆರ್ಮ್ ಮೇಲೆ ಕೂತಿದೆ. ಚಕ್ರದ ಹತ್ತಿರ ಸಿಗುವ ಗಟ್ಟಿತನ ಅದರಿಂದ ಬಹಳ ತಗ್ಗುತ್ತದೆ, ಅದಕ್ಕೇ ಹಿಂದಿನ ಅಂಕಿ ಮುಂದಿನದಕ್ಕಿಂತ ಎಷ್ಟೋ ದೊಡ್ಡದು. ಎರಡನ್ನೂ ನೇರವಾಗಿ ಹೋಲಿಸಿ ‘ಹಿಂದೆ ಕಲ್ಲಿನಂತಿದೆ’ ಎಂದು ಹೆದರುವುದು ಬೇಡ.

ಭಾರತದಲ್ಲಿ 2016ರಿಂದ ಮಾರಾಟವಾದ ಮಸ್ಟಾಂಗ್ ಜಿಟಿ ಮಾದರಿ ಇಟ್ಟುಕೊಂಡವರಿಗೆ ಒಂದು ಲೆಕ್ಕ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ ಕಾರು ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಮಸ್ಟಾಂಗ್‌ನ ವೀಲ್‌ಬೇಸ್ 2.72 ಮೀಟರ್ ಆದ್ದರಿಂದ ಅಂಥ ಹಂಪ್‌ನ ನಡುವೆ ಮುಂದಿನ, ಹಿಂದಿನ ಚಕ್ರಗಳೆರಡೂ ಹಂಪ್ ಮೇಲೇ ಇರುತ್ತವೆ, ಹೊಟ್ಟೆಯ ಕೆಳಗೆ ಖರ್ಚಾಗುವುದು ಸುಮಾರು 5.4 ಸೆಂ.ಮೀ. ಮಾತ್ರ. ಬಡಾವಣೆಯವರು ರಾತ್ರೋರಾತ್ರಿ ಹಾಕಿಸಿದ ಗಿಡ್ಡ, ಚೂಪು ಹಂಪ್‌ನಲ್ಲಿ ಅದೇ 10 ಸೆಂ.ಮೀ. ಪೂರ್ತಿ ಹೋಗುತ್ತದೆ. ಅಲ್ಲಿ ಮೂಲ ಎತ್ತರ ಹಾಗೇ ಉಳಿಸಿಕೊಂಡು ಡ್ಯಾಂಪರ್ ಮಾತ್ರ ಬದಲಿಸುವುದೇ ಸರಿ.

ಎಲ್ಲಿ ಜೋಡಿಸಿದರೂ ಕಟ್ಟುನಿಟ್ಟು ಒಂದೇ. ಬಿಚ್ಚುವ ಮುನ್ನ ನಾಲ್ಕೂ ಮೂಲೆಯಲ್ಲಿ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ಬರೆದಿಡಿ. ಆರ್ಮ್‌ಗಳ ಬೋಲ್ಟ್‌ಗಳನ್ನು ಕಾರು ಲಿಫ್ಟ್ ಮೇಲೆ ತೂಗುತ್ತಿರುವಾಗ ಕೊನೆಯ ಬಿಗಿತಕ್ಕೆ ತರಬೇಡಿ. ಹಾಗೆ ಬಿಗಿದರೆ, ಕಾರು ಕೆಳಗಿಳಿದಾಗ ಆರ್ಮ್‌ನ ಕೀಲಿನಲ್ಲಿರುವ ರಬ್ಬರ್ ಬುಷ್ ತಿರುಚಿಕೊಂಡು ಕೂರುತ್ತದೆ, ಎತ್ತರವೂ ಸುಳ್ಳಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಭಾರ ಚಕ್ರಗಳ ಮೇಲೆ ಬಿದ್ದ ಮೇಲೆಯೇ ಟಾರ್ಕ್ ರೆಂಚ್ ಹಿಡಿಯಬೇಕು. ಅಲೈನ್‌ಮೆಂಟ್ ಅಂದೇ ಒಮ್ಮೆ, ಸ್ಪ್ರಿಂಗ್ ಕೂತ ಮೇಲೆ ಕೆಲವು ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಮಾಡಿಸಿ. ಎರಡು ಸಲವೂ ಕ್ಯಾಂಬರ್‌ಗಿಂತ ಮೊದಲು ಟೋ, ಅಂದರೆ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದನ್ನು, ನೋಡಿ. ಟೈರನ್ನು ಬೇಗ ತಿನ್ನುವುದು ಅದೇ.